ಫ್ರೇಮ್ ಬಿರುಕು ಬಿಟ್ಟ ಸೈಕಲ್ ಓಡಿಸೋಕೆ ಭಯ ಆಗಲ್ವಾ?

ನನ್ನ ಹಳೇ ಮೌಂಟನ್ ಬೈಕಿನ ಸೀಟಿನ ಕೆಳಗೆ ಹಿತ್ತಾಳೆ ಬಣ್ಣದ ಒಂದು ಸಣ್ಣ ತೇಪೆ ಇದೆ. ನೋಡಿದವರೆಲ್ಲ ಅದರ ಮೇಲೆ ಬೆರಳಿಟ್ಟು ಕೇಳುತ್ತಾರೆ: "ಇಲ್ಲಿ ಮುರಿದಿತ್ತಾ? ಇದನ್ನ ನಂಬಿ ಹತ್ತೋಕೆ ಭಯ ಆಗಲ್ವಾ?" ಹಿಂದೆಯೇ ಇನ್ನೊಂದು ಬರುತ್ತದೆ: "ಇಷ್ಟು ಒದ್ದಾಡೋ ಬದಲು ಹೊಸದೇ ತಗೋಬಹುದಿತ್ತಲ್ಲ?"

ಎರಡನೆಯದಕ್ಕೆ ಉತ್ತರ ಸುಲಭ. ತಗೋಬಹುದಿತ್ತು. ದುಡ್ಡು ಉಳಿಸೋಕೆ ಅಂತ ಯಾರೂ ಈ ಕೆಲಸಕ್ಕೆ ಇಳಿಯಬೇಡಿ. ಸೈಕಲ್ಲೇನೋ ಅಗ್ಗಕ್ಕೆ ಸಿಗುತ್ತದೆ. ಟಯರ್, ಚೈನು, ಕೇಬಲ್ಲು, ಬ್ರೇಕ್ ರಬ್ಬರ್ ಎಲ್ಲ ಕೂಡಿಸಿದ ಮೇಲೆ ಆ ಅಗ್ಗ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ನನಗೆ ಕೈಗೆ ಗ್ರೀಸ್ ಮೆತ್ತಿಕೊಳ್ಳೋದು ಇಷ್ಟ, ಅಷ್ಟೇ.

ಮೊದಲನೆಯದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು. "ಫ್ರೇಮ್ ಹಾಳಾಗಿದೆ" ಅನ್ನೋದು "ಜ್ವರ ಬಂದಿದೆ" ಅಂದ ಹಾಗೆ. ಯಾವ ಜ್ವರ ಅಂತ ತಿಳಿಯದೆ ಔಷಧಿ ಕೊಡೋಕಾಗಲ್ಲ.

ತಗೊಂಡ ದಿನ ನನಗೆ ಕಂಡದ್ದು ಮೇಲಿನ ಪೈಪಿನಲ್ಲಿದ್ದ ಒಂದು ನೆಗ್ಗು ಮಾತ್ರ. ಹೆಬ್ಬೆರಳು ಕೂರುವಷ್ಟು. ಯಾವಾಗಲೋ ಬಿದ್ದಾಗ ಹ್ಯಾಂಡಲ್ ತಿರುಗಿ ಬಡಿದಿರಬೇಕು. ಸ್ಟೀಲ್ ಪೈಪಿನಲ್ಲಿ ಅಂಚು ಮಡಿಯದ, ನಯವಾದ ನೆಗ್ಗು ನೋಡೋಕೆ ಚೆನ್ನಾಗಿರಲ್ಲ, ಆದರೆ ಸಾಮಾನ್ಯವಾಗಿ ಓಡಿಸೋಕೆ ತೊಂದರೆಯಿಲ್ಲ. ಅಷ್ಟು ನೋಡಿ, ಅವತ್ತೇ ಟಯರು, ಚೈನು ತಂದುಬಿಟ್ಟೆ. ದಡ್ಡತನ. ವಾರ ಬಿಟ್ಟು ತೊಳೆಯುವಾಗ ಸೀಟಿನ ಕ್ಲಾಂಪ್ ಕೆಳಗೆ ಕೂದಲಿನಂಥ ಒಂದು ಗೆರೆ ಕಂಡಿತು.

ಅದು ಬಣ್ಣದ ಬಿರುಕೋ, ಲೋಹದ್ದೋ? ಇದಕ್ಕೆ ಹಳೇ ಕಾಲದ ಒಂದು ಪರೀಕ್ಷೆ ಇದೆ. ಗೆರೆಯ ಸುತ್ತ ಬಣ್ಣ ಕೆರೆದು ಸೀಮೆಎಣ್ಣೆ ಹಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಚೆನ್ನಾಗಿ ಒರೆಸಿದೆ. ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದೆ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆಯನ್ನು ಪುಡಿ ಹೀರಿಕೊಳ್ಳುತ್ತದೆ. ಐದು ನಿಮಿಷದಲ್ಲಿ ಬಿಳೀ ಪುಡಿಯ ಮೇಲೆ ಕಪ್ಪಗೆ, ಒದ್ದೆಯಾದ ಗೆರೆ ಎದ್ದಿತು. ಕಣ್ಣಿಗೆ ಕಂಡದ್ದಕ್ಕಿಂತ ದುಪ್ಪಟ್ಟು ಉದ್ದ! ಹೊಟ್ಟೆ ತೊಳೆಸಿದಂತಾಯಿತು.

ಆಮೇಲೆ ಹುಡುಕಿದ್ದು ಕಾರಣ. ಸೀಟಿನ ಕಂಬ ಎಳೆದು ತೆಗೆದಾಗ ಗೊತ್ತಾಯಿತು. ಇದಕ್ಕಿಂತ ಮೇಲೆ ಎತ್ತಬಾರದು ಅಂತ ಕಂಬದ ಮೇಲೆ ಒಂದು ಗುರುತು ಇರುತ್ತದಲ್ಲ, ಆ ಗುರುತು ಎರಡು ಬೆರಳು ಮೇಲಿತ್ತು. ಹಿಂದಿನ ಮಾಲೀಕರ ಕಾಲು ಉದ್ದ, ಕಂಬ ಗಿಡ್ಡ. ಅವರು ಕೂತಾಗಲೆಲ್ಲ ಕಂಬದ ಕೆಳತುದಿ ಪೈಪನ್ನು ಒಳಗಿಂದ ಮೀಟುತ್ತಿತ್ತು. ಕಂಬ ಬದಲಿಸದೆ ಬೆಸುಗೆ ಹಾಕಿದ್ದರೆ ಮತ್ತೆ ಅಲ್ಲೇ ಬಿರುಕು ಬಿಡುತ್ತಿತ್ತು. ಈಗಿರುವ ಕಂಬ ಮೇಲಿನ ಪೈಪು ಸೇರುವ ಜಾಗ ದಾಟಿ ಕೆಳಗಿಳಿಯುತ್ತದೆ.

ಇನ್ನು ಲೋಹ. ಅಯಸ್ಕಾಂತ ಅಂಟಿದರೆ ಸ್ಟೀಲು. ನನ್ನದರ ಮೇಲೆ 4130 ಅನ್ನುವ ಸ್ಟಿಕ್ಕರ್ ಅರ್ಧ ಉಳಿದಿತ್ತು. ಅಂದರೆ ಕ್ರೋಮೋಲಿ, ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿದ ಉಕ್ಕು. ಅಲ್ಯೂಮಿನಿಯಂ ಆಗಿದ್ದರೆ ಬಿಡಿಭಾಗ ಬಿಚ್ಚಿಕೊಂಡು ಫ್ರೇಮನ್ನು ಗುಜರಿಗೆ ಕೊಡುತ್ತಿದ್ದೆ. 6061ರಂಥ ಅಲ್ಯೂಮಿನಿಯಂಗೆ ಬಲ ಬರುವುದೇ ಅದನ್ನು ಲೆಕ್ಕವಾಗಿ ಕಾಯಿಸಿ ಹದ ಮಾಡಿರುವುದರಿಂದ. ವೆಲ್ಡಿಂಗ್ ಬಿಸಿಗೆ ಆ ಹದ ಸುತ್ತಮುತ್ತ ಕೆಡುತ್ತದೆ. ಮತ್ತೆ ಇಡೀ ಫ್ರೇಮನ್ನು ಹದಕ್ಕೆ ತರುವ ಒಲೆ ಯಾರ ಮನೆಯಲ್ಲಿದೆ?

ಸ್ಟೀಲ್ ಅಂದ ಮಾತ್ರಕ್ಕೆ ಗೇಟು, ಗ್ರಿಲ್ಲು ಮಾಡುವವರ ಹತ್ತಿರ ಒಯ್ಯಬೇಡಿ. ಒಳ್ಳೆಯ ಫ್ರೇಮಿನ ಪೈಪು ತುದಿಯಲ್ಲಿ 0.9 ಮಿ.ಮೀ., ನಡುವೆ 0.6 ಮಿ.ಮೀ. ಇರುವುದೂ ಉಂಟು. ದಪ್ಪ ಕಬ್ಬಿಣಕ್ಕೆ ಕೈ ಪಳಗಿದವರು ಕಣ್ಣು ಮಿಟುಕಿಸುವುದರಲ್ಲಿ ತೂತು ಮಾಡಿಬಿಡುತ್ತಾರೆ. ನಾನು ಹೋದದ್ದು ಸೈಕಲ್ ಪೈಪಿಗೆ ಹಿತ್ತಾಳೆ ಬೆಸುಗೆ ಹಾಕಿ ಅಭ್ಯಾಸ ಇರುವವರ ಬಳಿ. ಹಿತ್ತಾಳೆ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಉಕ್ಕು ಕರಗುವುದೇ ಇಲ್ಲ. ಅವರು ಮೊದಲು ಬಿರುಕಿನ ಕೊನೆಯಲ್ಲಿ ಒಂದು ಸಣ್ಣ ತೂತು ಕೊರೆದರು. "ಇರೋ ತೂತು ಸಾಲದಾ?" ಅಂದೆ. ನಕ್ಕರು. ಚೂಪಾದ ತುದಿ ಇದ್ದರೆ ಬಿರುಕು ಮುಂದೆ ಹರಿಯುತ್ತಲೇ ಇರುತ್ತದೆ, ತುದಿ ದುಂಡಗಾದರೆ ಎಳೆತ ಹಂಚಿಹೋಗಿ ನಿಲ್ಲುತ್ತದೆ ಅಂತ ವಿವರಿಸಿದರು.

ಅಂದಹಾಗೆ, ಮೌಂಟನ್ ಬೈಕ್ ಹುಟ್ಟಿದ್ದೇ ಹಳೇ ಸೈಕಲ್ಲುಗಳಿಂದ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟ್ಯಾಮಲ್‌ಪೈಸ್ ಬೆಟ್ಟದ ಸುತ್ತ ಒಂದಷ್ಟು ಜನ ದಪ್ಪ ಟಯರಿನ ಹಳೇ ಸೈಕಲ್ಲುಗಳನ್ನು ಮಣ್ಣು ದಾರಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಅಲ್ಲಿ ಶುರುವಾದ ಓಟದ ಹೆಸರು 'ರೀಪ್ಯಾಕ್'. ಒಂದು ಸಲ ಇಳಿದರೆ ಹಿಂದಿನ ಹಬ್‌ನೊಳಗಿನ ಬ್ರೇಕ್ ಕಾದು ಗ್ರೀಸೆಲ್ಲ ಸುಟ್ಟುಹೋಗುತ್ತಿತ್ತು, ಮತ್ತೆ ತುಂಬಬೇಕಿತ್ತು, ಅದಕ್ಕೆ ಆ ಹೆಸರು. ಬೆಟ್ಟಕ್ಕೆಂದೇ ಕ್ರೋಮೋಲಿ ಫ್ರೇಮ್ ಕಟ್ಟಿ ಜೋ ಬ್ರೀಜ್ ಸೈಕಲ್ ಮಾಡಿದ್ದು 1977ರಲ್ಲಿ.

ಬೆಸುಗೆಗೆ ಮುಂಚೆ ಇನ್ನೂ ಒಂದು ನೋಡಿದ್ದೆ, ಹೇಳೋಕೆ ಮರೆತೆ. ದಾರ. ಹಿಂದಿನ ಚಕ್ರ ಕೂರುವ ಒಂದು ಕಡೆಯ ಕಚ್ಚಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಪೈಪನ್ನು ಸುತ್ತಿಸಿ, ಇನ್ನೊಂದು ಕಡೆಯ ಕಚ್ಚಿಗೆ ಬಿಗಿಯಾಗಿ ತನ್ನಿ. ಸೀಟಿನ ಪೈಪಿಗೂ ದಾರಕ್ಕೂ ಇರುವ ಅಂತರ ಎರಡೂ ಕಡೆ ಅಳೆಯಿರಿ. ನನಗೆ ಒಂದು ಮಿ.ಮೀ. ವ್ಯತ್ಯಾಸ ಬಂತು, ಅದೇನೂ ಜಾಸ್ತಿ ಅಲ್ಲ. ದೊಡ್ಡ ವ್ಯತ್ಯಾಸ ಬಂದರೆ ಹಿಂಭಾಗ ಸೊಟ್ಟಗಾಗಿದೆ. ಸ್ಟೀಲಾದರೆ, ಗೊತ್ತಿರುವವರು ನಿಧಾನಕ್ಕೆ ಬಗ್ಗಿಸಿ ಸರಿಮಾಡಬಹುದು.

ಬಿಚ್ಚುವ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಪೆಡಲ್ ಅಚ್ಚು ಕೂರುವ ಬಟ್ಟಲಿನದು. ಚೈನ್ ಕಡೆಯ ಬಟ್ಟಲಿನ ಮರೆ (ತಿರುಪಿನ ಸುತ್ತು) ಉಲ್ಟಾ, ಬಿಚ್ಚೋಕೆ ಬಲಕ್ಕೆ ತಿರುಗಿಸಬೇಕು. ಅದು ಮರೆತು ಪಾನಾಕ್ಕೆ ಉದ್ದ ಪೈಪು ತೂರಿಸಿ, ಅದರ ಮೇಲೆ ನಿಂತು ತುಳಿದೆ. ಅರ್ಧ ಗಂಟೆ ಅದನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದೆ. ಎಡ ಪೆಡಲ್‌ದೂ ಉಲ್ಟಾ ಮರೆಯೇ. ನೆನಪಿರಲಿ.

ಉಳಿದದ್ದು ಬೇಗ ಹೇಳುತ್ತೇನೆ. 26 ಅಂತ ಬರೆದ ಟಯರ್ ಎಲ್ಲ ಕೂರಲ್ಲ. ರಿಮ್ಮಿನ ಮೇಲೆ ಟಯರ್ ಕೂರುವ ಜಾಗದ ಅಡ್ಡಳತೆ ಮೌಂಟನ್ ಬೈಕಿನದು 559 ಮಿ.ಮೀ., ಸಾದಾ ಸೈಕಲ್ಲಿನ 26 × 1 3/8ದು 590 ಮಿ.ಮೀ. ಟಯರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಓದಿ ತಗೊಳ್ಳಿ. ಹಳೇ ಕ್ಯಾಂಟಿಲಿವರ್ (ಗಿಡ್ಡ ತೋಳಿನ) ಬ್ರೇಕಿನ ಲಿವರ್ ಇಟ್ಟುಕೊಂಡು ಬರೀ ವಿ-ಬ್ರೇಕ್ (ಉದ್ದ ತೋಳಿನದು) ಹಾಕಬೇಡಿ. ಲಿವರ್ ಎಳೆಯುವ ಕೇಬಲ್ ಅದಕ್ಕೆ ಸಾಲಲ್ಲ, ಲಿವರ್ ಹ್ಯಾಂಡಲ್‌ಗೆ ತಾಗಿಬಿಡುತ್ತದೆ.

ಭಯದ ಮಾತಿಗೆ ಬರೋಣ. ಆಗುತ್ತೆ, ಸ್ವಲ್ಪ. ಅದಕ್ಕೇ ತೇಪೆಗೆ ಬಣ್ಣ ಬಳಿಯಲಿಲ್ಲ. ತುಕ್ಕು ಹಿಡಿಯದಿರಲಿ ಅಂತ ತಿಳಿ ವಾರ್ನಿಷ್ ಅಷ್ಟೇ ಹಚ್ಚಿದೆ. ತೊಳೆದಾಗಲೆಲ್ಲ ಅಲ್ಲಿ ಉಗುರು ಓಡಿಸಿ ನೋಡುತ್ತೇನೆ. ಹೊಸ ಗೆರೆ ಬಂದ ದಿನ ಸೈಕಲ್ ಗೋಡೆಗೆ ಒರಗುತ್ತದೆ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಹತ್ತರಲ್ಲಿ ನಾಲ್ಕು ಜನ, "ನನ್ನ ಹತ್ರನೂ ಅಂಥದ್ದೊಂದು ಬಿದ್ದಿದೆ, ತರಲಾ?" ಅನ್ನುತ್ತಾರೆ. ಮೊದಲು ಒಂದು ಫೋಟೋ ಕಳಿಸಿ. ಹ್ಯಾಂಡಲ್ ಪೈಪಿನ ಹಿಂದೆ, ಕೆಳಗಿನ ಪೈಪಿನ ಅಡಿಭಾಗದ್ದು. ಅಲ್ಲಿ ಪೈಪು ಉಬ್ಬಿ ಬಣ್ಣ ಸುಕ್ಕುಗಟ್ಟಿದ್ದರೆ ಮುಂದಿನಿಂದ ಜೋರಾಗಿ ಗುದ್ದಿದೆ ಅಂತ ಅರ್ಥ. ಅದನ್ನು ತರಬೇಡಿ, ಸೀಟು ಮಾತ್ರ ತನ್ನಿ.