ಬ್ಯಾನ್ಫ್ ಬಿಟ್ಟು ಫೀಲ್ಡ್‌ನಲ್ಲಿ ಯಾಕೆ ಉಳಿಯಬೇಕು?

ಮಕ್ಕಳನ್ನು ನೋಡೋಕೆ ಕೆನಡಾದ ಕ್ಯಾಲ್ಗರಿಗೆ ಹೊರಡುವ ಚಿತ್ರದುರ್ಗದ ಪರಿಚಯದವರೆಲ್ಲ ನನ್ನನ್ನು ಕೇಳುವುದು ಒಂದೇ. "ಎಲ್ಲರೂ ಬೆಟ್ಟದ ಪ್ರವಾಸಿ ಊರು ಬ್ಯಾನ್ಫ್‌ನಲ್ಲಿ ಉಳ್ಕೊಳ್ತಾರೆ, ನೀವು ಫೀಲ್ಡ್ ಅಂತೀರಲ್ಲ, ಅಲ್ಲೇನಿದೆ?"

ರೈಲಿದೆ, ಕಲ್ಲಿದೆ. ನನಗೆ ಅಷ್ಟು ಸಾಕು.

ಬ್ರಿಟಿಷ್ ಕೊಲಂಬಿಯಾದ ಯೋಹೋ ರಾಷ್ಟ್ರೀಯ ಉದ್ಯಾನದ ಒಳಗೆ, ಕಿಕಿಂಗ್ ಹಾರ್ಸ್ ನದಿ ಪಕ್ಕದ ಪುಟ್ಟ ಊರು ಅದು. ಇರುವವರು ಇನ್ನೂರರ ಆಸುಪಾಸು. ರೈಲಿಗಾಗಿಯೇ ಹುಟ್ಟಿದ ಊರು.

1884ರಲ್ಲಿ ಹಳಿ ಹಾಕುವಾಗ ದುಡ್ಡು ಉಳಿಸೋಕೆ ಬೆಟ್ಟದಿಂದ ಕಡಿದಾಗಿ ಇಳಿಸಿಬಿಟ್ಟರು. ನೂರು ಅಡಿಗೆ ನಾಲ್ಕೂವರೆ ಅಡಿ ಇಳಿಜಾರು. ರಸ್ತೆಗೆ ಇದೇನೂ ಅಲ್ಲ, ರೈಲಿಗೆ ಭಯಂಕರ. ಮೊದಲು ಇಳಿದ ಕೆಲಸದ ರೈಲೇ ಹಿಡಿತ ತಪ್ಪಿ ನದಿಗೆ ಬಿತ್ತು, ಮೂವರು ಸತ್ತರು. ಆಮೇಲೆ ಹಿಡಿತ ತಪ್ಪಿದ ರೈಲು ಹತ್ತಿ ನಿಲ್ಲಲಿ ಅಂತ ಅಲ್ಲಲ್ಲಿ ಏರು ಹತ್ತುವ ಪಕ್ಕದ ಹಳಿ ಹಾಕಿ, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟನ್ನು ಯಾವಾಗಲೂ ಆ ಕಡೆಗೇ ತಿರುಗಿಸಿ ಇಡುತ್ತಿದ್ದರು. ಬ್ರೇಕ್ ಹಿಡಿತದಲ್ಲಿದೆ ಅಂತ ಡ್ರೈವರ್ ಸೀಟಿ ಹೊಡೆದರೆ ಮಾತ್ರ ಪಾಯಿಂಟ್ಸ್‌ಮನ್ ಮುಖ್ಯ ಹಳಿಗೆ ದಾರಿ ಬಿಡುತ್ತಿದ್ದ. ಚಳಿಯಲ್ಲಿ ಆ ಸೀಟಿಗೆ ಕಿವಿಗೊಟ್ಟು ನಿಂತವನನ್ನು ನೆನೆದರೆ ಈಗಲೂ ಮೈ ಜುಮ್ ಅನ್ನುತ್ತೆ.

1909ರಲ್ಲಿ ಬೆಟ್ಟದ ಹೊಟ್ಟೆಯೊಳಗೇ ಸುತ್ತು ಹಾಕುವ ಎರಡು ಸುರುಳಿ ಸುರಂಗ ಬಂದವು, ಇಳಿಜಾರು ಅರ್ಧಕ್ಕೆ ಇಳಿಯಿತು. ಉದ್ದದ ಗೂಡ್ಸ್ ರೈಲು ಇಳಿಯುವಾಗ ನೋಡಬೇಕು: ಇಂಜಿನ್ ಕೆಳಗಿನ ಬಾಯಿಂದ ಹೊರಬಂದಿರುತ್ತೆ, ಅದೇ ರೈಲಿನ ಬಾಲ ಮೇಲಿನ ಬಾಯಿಂದ ಇನ್ನೂ ಒಳಗೆ ಹೋಗ್ತಾ ಇರುತ್ತೆ! ಗೂಡ್ಸ್ ಎಷ್ಟೊತ್ತಿಗೆ ಬರುತ್ತೆ ಅಂತ ಯಾರೂ ಹೇಳಲ್ಲ. ಬ್ಯಾನ್ಫ್‌ನಿಂದ ಓಡಿಬಂದು ಓಡಿಹೋದರೆ ಸಿಗೋದು ಕಷ್ಟ, ಅದಕ್ಕೇ ಅಲ್ಲೇ ಉಳಿಯಿರಿ ಅನ್ನೋದು.

ಅದೇ 1909ರಲ್ಲಿ ಚಾರ್ಲ್ಸ್ ವಾಲ್ಕಾಟ್ ಅನ್ನುವ ವಿಜ್ಞಾನಿ ಊರ ಮೇಲಿನ ಬೆಟ್ಟದಲ್ಲಿ ಬರ್ಜೆಸ್ ಶೇಲ್ ಅನ್ನುವ ಪದರಗಲ್ಲಿನ ಪಳೆಯುಳಿಕೆಗಳನ್ನು ಕಂಡುಹಿಡಿದರು. 50 ಕೋಟಿ ವರ್ಷ ಹಿಂದಿನ ಕಡಲ ಪ್ರಾಣಿಗಳು, ಮೂಳೆಯಿಲ್ಲದ ಮೆತ್ತನೆ ಮೈಯ ಅಚ್ಚು ಸಮೇತ. ನಮ್ಮ ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಬಂಡೆಯೂ ನೀರಿನಡಿ ಹುಟ್ಟಿದ್ದೇ, ಇದಕ್ಕಿಂತ ಎಷ್ಟೋ ಹಳೆಯದು, ಆಗಿನ್ನೂ ಪ್ರಾಣಿಗಳೇ ಇರಲಿಲ್ಲ. ಅದನ್ನು ನೋಡಿ ಹೋದವರಿಗೆ ಫೀಲ್ಡ್ ಇನ್ನೂ ಜಾಸ್ತಿ ಹಿಡಿಸುತ್ತೆ.

ಕಲ್ಲು ನೋಡೋಕೆ ಗೈಡ್ ಜೊತೆಗೇ ಹೋಗಬೇಕು, ಬೇಸಿಗೆಯಲ್ಲಿ ಮಾತ್ರ, ಮೊದಲೇ ಬುಕ್ ಮಾಡಿ. ಒಂದು ಚೂರೂ ಎತ್ತಿಕೊಳ್ಳುವಂತಿಲ್ಲ. ಮಂಡಿನೋವು ಇರುವವರು ಬೆಟ್ಟ ಬಿಟ್ಟು ಹೆದ್ದಾರಿ ಪಕ್ಕದಲ್ಲೇ ನಿಂತು ಸುರಂಗ ನೋಡಬಹುದು.