ಮಂಜರಾಬಾದ್ ಕೋಟೆಗೆ ಹೋಗುವವರು ಎರಡು ಗಂಟೆಯಾದರೂ ಇಟ್ಟುಕೊಂಡು ಹೋಗಿ

ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್. ಇಷ್ಟು ಹತ್ತಿರವಿದ್ದರೂ ಧರ್ಮಸ್ಥಳಕ್ಕೋ ಮಂಗಳೂರಿಗೋ ಹೋಗುವಾಗ ಬಸ್ಸಿನ ಕಿಟಕಿಯಿಂದ "ಅಗೋ, ಕೋಟೆ ಬೆಟ್ಟ" ಎಂದು ಕೈತೋರಿಸಿದ್ದೇ ಹೊರತು ಇಳಿದು ಹತ್ತಿದ್ದಿಲ್ಲ. ಕಳೆದ ನವೆಂಬರ್‌ನಲ್ಲಿ ಒಂದು ಭಾನುವಾರ ಅಪ್ಪಾಜಿ, ಅತ್ತಿಗೆ, ಅತ್ತಿಗೆಯ ಎಂಟು ವರ್ಷದ ಮಗಳು ಎಲ್ಲರೂ ಸೇರಿ ಹೊರಟೆವು. ನೀವೂ ಹೊರಡುವುದಿದ್ದರೆ ಈ ಕೆಲವು ಮಾತು ಉಪಯೋಗಕ್ಕೆ ಬರಬಹುದು.

ಕೋಟೆ ಇರುವುದು ಸಕಲೇಶಪುರ ಪೇಟೆಯಿಂದ ಐದಾರು ಕಿಲೋಮೀಟರ್ ಮುಂದೆ, ದೋಣಿಗಾಲ್ ಹತ್ತಿರ, ಬೆಂಗಳೂರು–ಮಂಗಳೂರು ಹೆದ್ದಾರಿಯ ಪಕ್ಕದಲ್ಲೇ. ಎಕ್ಸ್‌ಪ್ರೆಸ್ ಬಸ್ಸುಗಳನ್ನು ಅಲ್ಲಿ ನಿಲ್ಲಿಸುತ್ತಾರೆಂದು ನಂಬಿಕೊಂಡು ಹೋಗಬೇಡಿ. ಸಕಲೇಶಪುರದಲ್ಲಿ ಇಳಿದು, ತಿಂಡಿ ತಿಂದು, ಆಟೋ ಹಿಡಿಯುವುದೇ ನೆಮ್ಮದಿ. ತಿಂಡಿಯನ್ನು ಕೆಳಗೇ ಮುಗಿಸಿ, ನೀರಿನ ಬಾಟಲಿ ಅಲ್ಲೇ ತುಂಬಿಸಿಕೊಳ್ಳಿ. ಹೆಂಗಸರು, ವಯಸ್ಸಾದವರು ಜೊತೆಗಿದ್ದರೆ ಶೌಚಾಲಯದ ವಿಚಾರವನ್ನೂ ಪೇಟೆಯಲ್ಲೇ ನೋಡಿಕೊಳ್ಳುವುದು ಒಳ್ಳೆಯದು. ಕಾರಿನಲ್ಲಿ ಬರುವವರು ರಸ್ತೆ ದಾಟುವಾಗ ಮಕ್ಕಳ ಕೈ ಹಿಡಿದುಕೊಳ್ಳಿ. ಘಟ್ಟ ಹತ್ತಿ ಬರುವ ಟ್ಯಾಂಕರ್, ಲಾರಿಗಳ ಓಡಾಟ ಅಲ್ಲಿ ನಿಲ್ಲುವುದೇ ಇಲ್ಲ.

ರಸ್ತೆಯಿಂದ ಮೇಲಕ್ಕೆ ಇನ್ನೂರೈವತ್ತರಷ್ಟು ಮೆಟ್ಟಿಲು. ಎಪ್ಪತ್ತು ದಾಟಿದ ಅಪ್ಪಾಜಿ ನಾಲ್ಕು ಕಡೆ ಕೂತು ಸುಧಾರಿಸಿಕೊಂಡು ಹತ್ತಿದರು. ಮೆಟ್ಟಿಲಿಗಿಂತ ಪಾಚಿಯ ಮೇಲೆ ಹೆಚ್ಚು ನಿಗಾ ಇರಲಿ. ಮಳೆ ನಿಂತು ತಿಂಗಳಾಗಿದ್ದರೂ ನೆರಳಿನ ಕಲ್ಲುಗಳು ಜಾರುತ್ತಿದ್ದವು. ರಬ್ಬರ್ ಚಪ್ಪಲಿ ಹಾಕಿದ್ದ ಅತ್ತಿಗೆ ಒಂದು ಕಡೆ ಜಾರಿ ಮೊಣಕೈ ತರಚಿಕೊಂಡರು. ಹಿಡಿತ ಇರುವ ಶೂ ಹಾಕಿಕೊಂಡು ಬನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಲೆನಾಡಿನ ಮಳೆ, ಜೊತೆಗೆ ಜಿಗಣೆ. ಆಗ ಬರುವವರಿಗೆ ಕೊಡೆಗಿಂತ ರೇನ್‌ಕೋಟ್ ಅನುಕೂಲ, ಏಕೆಂದರೆ ಮೇಲೆ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ ನವೆಂಬರ್‌ನಿಂದ ಫೆಬ್ರುವರಿ, ಅದೂ ಬೆಳಗಿನ ಹೊತ್ತು.

ನಾವು ಬಾಗಿಲು ತಲುಪಿದಾಗ ಎಂಟೂವರೆ. ಹತ್ತು ಮಾರು ಆಚೆ ಏನೂ ಕಾಣದಷ್ಟು ಮಂಜು. ಈ ಮಂಜಿನಿಂದಲೇ ಮಂಜರಾಬಾದ್ ಎಂಬ ಹೆಸರು ಬಂತೆಂದು ಜನ ಹೇಳುವುದು ಆ ಹೊತ್ತಿನಲ್ಲಿ ನಿಂತವರಿಗೆ ನಿಜ ಅನ್ನಿಸಿಬಿಡುತ್ತದೆ. ಹಿಂದೆ ಸಕಲೇಶಪುರ ತಾಲ್ಲೂಕಿಗೇ ಮಂಜರಾಬಾದ್ ತಾಲ್ಲೂಕು ಎಂಬ ಹೆಸರಿತ್ತು.

ಡ್ರೋನ್‌ನಿಂದ ತೆಗೆದ ಫೋಟೋ ನೋಡಿ ಬರುವವರಿಗೆ ಒಂದು ಮಾತು. ಈ ಕೋಟೆ ಎಂಟು ಮೂಲೆಯ ನಕ್ಷತ್ರದ ಆಕಾರದ್ದು, ಆದರೆ ಆ ನಕ್ಷತ್ರ ನೆಲದ ಮೇಲೆ ನಿಂತವರ ಕಣ್ಣಿಗೆ ಒಟ್ಟಾಗಿ ಕಾಣುವುದಿಲ್ಲ. ಒಳಗೆ ಬಂದವರು ನಡುವಿನ ಕೊಳದ ಹತ್ತಿರ ಸೆಲ್ಫಿ ತೆಗೆದು "ಇಷ್ಟೇನಾ?" ಎಂದು ಹದಿನೈದು ನಿಮಿಷಕ್ಕೆ ಇಳಿದು ಹೋಗುತ್ತಿದ್ದುದನ್ನು ನೋಡಿ ನನಗೆ ನಿಜವಾಗಿ ಬೇಸರವಾಯಿತು. ಈ ಕೋಟೆಯನ್ನು ನಡೆದು ಓದಬೇಕು. ಗೋಡೆಗುಂಟ ಒಂದು ಪೂರ್ತಿ ಸುತ್ತು ಹಾಕಿ. ನಮ್ಮ ಪುಟ್ಟಿಗೆ ಒಂದೊಂದು ಮೂಲೆ ಬಂದಾಗಲೂ ಒಂದೊಂದು ಕಲ್ಲು ಜೇಬಿಗೆ ಹಾಕಿಕೋ ಎಂದೆ. ಸುತ್ತು ಮುಗಿದಾಗ ಜೇಬಿನಲ್ಲಿ ಏಳೇ ಕಲ್ಲು. "ಚಿಕ್ಕಪ್ಪ, ಒಂದು ಮೂಲೆ ಬಿಟ್ಟುಹೋಯ್ತು" ಎಂದು ಮತ್ತೆ ಓಡಿದಳು. ಎರಡನೇ ಸುತ್ತಿನಲ್ಲಿ ಎಂಟು ಸಿಕ್ಕಿತು. ಪೊದೆ ಬೆಳೆದ ಒಂದು ಮೂಲೆಯನ್ನು ನಾವೆಲ್ಲರೂ ದಾಟಿ ಬಂದಿದ್ದೆವು.

ಆ ಮೂಲೆಗಳಲ್ಲೇ ಕೋಟೆಯ ಗುಟ್ಟು ಇರುವುದು. ಒಂದು ಮೂಲೆಯ ತುದಿಗೆ ಹೋಗಿ ಎಡಕ್ಕೆ, ಬಲಕ್ಕೆ ನೋಡಿ. ಪಕ್ಕದ ಗೋಡೆಯ ಬುಡ ಪೂರ್ತಿ ಕಾಣುತ್ತದೆ. ನೇರ ಗೋಡೆಯ ಕೋಟೆಯಲ್ಲಿ ಶತ್ರು ಗೋಡೆಯ ಬುಡಕ್ಕೆ ಬಂದು ಅಂಟಿಕೊಂಡರೆ ಮೇಲಿದ್ದವರ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಅಡಗುವುದಕ್ಕೆ ಜಾಗವೇ ಇಲ್ಲ, ಯಾವ ಗೋಡೆಗೆ ಹೋದರೂ ಪಕ್ಕದ ಮೂಲೆಯಿಂದ ಗುಂಡು ಬರುತ್ತದೆ. 17ನೇ ಶತಮಾನದ ಫ್ರಾನ್ಸ್‌ನ ಸೇನಾ ಎಂಜಿನಿಯರ್ ವೋಬಾನ್ ಹೆಸರಿನ ಜೊತೆ ಸೇರಿಕೊಂಡಿರುವ ಪದ್ಧತಿ ಇದು. ಈ ಕೋಟೆ ಕಟ್ಟಿಸಿದ ಟಿಪ್ಪು ಸುಲ್ತಾನನಿಗೆ ಫ್ರೆಂಚರ ಸ್ನೇಹವಿತ್ತು, ಆ ವಿದ್ಯೆ ನಮ್ಮ ಮಲೆನಾಡಿನ ಗುಡ್ಡದ ಮೇಲೆ ಗ್ರಾನೈಟ್ ಕಲ್ಲು, ಸುಣ್ಣದ ಗಾರೆಯಲ್ಲಿ ಎದ್ದು ನಿಂತಿತು. ಚಿತ್ರದುರ್ಗದ ಕೋಟೆ ಬಂಡೆಗಳನ್ನೇ ಗೋಡೆ ಮಾಡಿಕೊಂಡಿದೆ, ಇಲ್ಲಿ ಲೆಕ್ಕಾಚಾರವೇ ಬಲ. ಎರಡನ್ನೂ ನೋಡಿದವರಿಗೆ ಆ ವ್ಯತ್ಯಾಸ ತುಂಬ ಖುಷಿ ಕೊಡುತ್ತದೆ.

ಕೋಟೆ ಮುಗಿದದ್ದು 1792ರಲ್ಲಿ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಮಲಬಾರನ್ನೂ ಕೊಡಗನ್ನೂ ಕಳೆದುಕೊಂಡ. ಆದರೆ ಮಂಗಳೂರು ಕೈಯಲ್ಲುಳಿಯಿತು. ಹಾಗಾಗಿ ಘಟ್ಟದ ಮೇಲಿನ ಈ ಗುಡ್ಡ ಕರಾವಳಿಯ ದಾರಿ ಕಾಯುವುದಕ್ಕೆ ಎಷ್ಟು ಮುಖ್ಯವಾಗಿತ್ತೆಂದು ಮೇಲೆ ನಿಂತಾಗ ತಿಳಿಯುತ್ತದೆ. ಹತ್ತು ಗಂಟೆಗೆ ಮಂಜು ಸರಿದಾಗ ಒಂದರ ಹಿಂದೊಂದು ಘಟ್ಟದ ಸಾಲು ಕಂಡಿತು. ಅಪ್ಪಾಜಿ ಬಹಳ ಹೊತ್ತು ಮಾತಾಡಲಿಲ್ಲ.

ನಡುವಿನ ಕೊಳ ಕೂಡುವ ಗುರುತಿನ (+) ಆಕಾರದ್ದು. ನಾಲ್ಕು ಕಡೆಯಿಂದಲೂ ನೀರಿಗೆ ಮೆಟ್ಟಿಲು ಇಳಿಯುತ್ತವೆ. ನೀರು ಹಸಿರುಗಟ್ಟಿತ್ತು, ಮೆಟ್ಟಿಲು ಒದ್ದೆ. ಮಕ್ಕಳನ್ನು ಅಲ್ಲಿ ಒಂಟಿಯಾಗಿ ಬಿಡಲೇಬೇಡಿ. ಪಕ್ಕದಲ್ಲಿ ಎರಡು ನೆಲಮಾಳಿಗೆಗಳಿವೆ, ಸಿಡಿಮದ್ದು ಇಡುತ್ತಿದ್ದ ಜಾಗವೆನ್ನುತ್ತಾರೆ. ಮೊಬೈಲ್ ಟಾರ್ಚ್ ಹಾಕಿಕೊಂಡು ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಮರೆತುಹೋಗುವಷ್ಟು ತಂಪು. ಗೋಡೆಗೆ ಅಂಗೈ ಒತ್ತಿ ನೋಡಿದೆ, ಗಾರೆ ಇನ್ನೂ ಗಟ್ಟಿ. ಆದರೆ ಅದೇ ಗೋಡೆಯ ಮೇಲೆ ಮೊಳೆಯಿಂದ ಕೆತ್ತಿದ ಹೆಸರುಗಳು, ಬಾಣ ಚುಚ್ಚಿದ ಹೃದಯಗಳು. ನಿಮ್ಮ ಜೊತೆ ಬಂದವರು ಕಲ್ಲಿಗೆ ಕೀಲಿಕೈ ಹಚ್ಚಿದರೆ ದಯವಿಟ್ಟು ಕೈ ಹಿಡಿದು ತಡೆಯಿರಿ.

ದೋಣಿಗಾಲ್‌ನಿಂದ ರೈಲು ಹಳಿ ಮೇಲೆ ಘಟ್ಟದ ನಡುವಿನ ಎಡಕುಮೇರಿ ನಿಲ್ದಾಣಕ್ಕೆ ನಡೆಯೋಣ ಎಂಬ ಆಸೆ ಹುಡುಗರಿಗೆ ಇರುತ್ತದೆ. ಹಳಿ ಮೇಲೆ ಚಾರಣಕ್ಕೆ ನಿಷೇಧವಿದೆ, ಸುರಂಗದೊಳಗೆ ರೈಲು ಬಂದರೆ ಸರಿದು ನಿಲ್ಲಲು ಜಾಗವಿರುವುದಿಲ್ಲ. ಬೇಡವೇ ಬೇಡ. ಆ ಘಟ್ಟ ನೋಡಲೇಬೇಕಿದ್ದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಹಗಲು ರೈಲಿನ ಟಿಕೆಟ್ ಮಾಡಿಸಿ.

ಸಮಯ ಉಳಿದರೆ ವಾಪಸ್ ಬರುವಾಗ ಪೇಟೆಯಲ್ಲಿ ಹೇಮಾವತಿ ದಂಡೆಯ ಸಕಲೇಶ್ವರ ದೇವಸ್ಥಾನ ನೋಡಿ. ಹೊಯ್ಸಳರ ಕಾಲದ ಚಿಕ್ಕ ಗುಡಿ, ಊರಿಗೆ ಹೆಸರು ಬಂದದ್ದೇ ಅಲ್ಲಿಂದ. ಕೋಟೆಗೆ ಬಿಟ್ಟ ಆಟೋದವರ ನಂಬರನ್ನು ಇಳಿಯುವಾಗಲೇ ಬರೆದುಕೊಳ್ಳಿ. ಹೆದ್ದಾರಿ ಪಕ್ಕ ವಾಪಸ್ ಆಟೋಗಾಗಿ ಕಾಯುವಾಗ ನಮಗೆ ಮುಕ್ಕಾಲು ಗಂಟೆ ಹೋಯಿತು. ಅಷ್ಟು ಹೊತ್ತೂ ಪುಟ್ಟಿ ಆ ಎಂಟು ಕಲ್ಲುಗಳನ್ನು ರಸ್ತೆಯಂಚಿನ ಮಣ್ಣಿನಲ್ಲಿ ನಕ್ಷತ್ರದ ಹಾಗೆ ಜೋಡಿಸುತ್ತಾ ಕೂತಿದ್ದಳು.