ಅವರು ಕೃಪೆ ಅಂದರು, ಅದು ನನ್ನ ಕಾಯಿಲೆ

ನನಗೆ ಬೈಪೋಲಾರ್ ಕಾಯಿಲೆ ಇದೆ, ಅಂದರೆ ಮನಸ್ಸು ಕೆಲವೊಮ್ಮೆ ವಿಪರೀತ ಏರುತ್ತದೆ, ಕೆಲವೊಮ್ಮೆ ಕುಸಿಯುತ್ತದೆ. ಅದನ್ನು ಹಿಡಿತದಲ್ಲಿಡಲು ಲಿಥಿಯಂ ಮಾತ್ರೆ ತಗೊಳ್ಳುತ್ತೇನೆ, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತೇನೆ, ಕೆಲಸಕ್ಕೆ ಹೋಗುತ್ತೇನೆ. ದೇವರಲ್ಲಿ ನಂಬಿಕೆಯೂ ಇದೆ. ಯಾವ ಪಂಗಡದಲ್ಲಿ ಹೀಗಾಯಿತು ಅಂತ ಬರೆಯುವುದಿಲ್ಲ. ಇದು ಯಾವ ಧರ್ಮದಲ್ಲಾದರೂ ಆಗಬಹುದು.

ಅಮ್ಮ ತೀರಿಕೊಂಡ ಮೇಲೆ ಮನೆ ಬಿಕೋ ಅನ್ನುತ್ತಿತ್ತು. ಬಂದ ನೆಂಟರು ಹೊರಟುಹೋಗಿದ್ದರು, ಫೋನ್ ಮಾಡುವವರೂ ಕಡಿಮೆಯಾಗಿದ್ದರು. ಆಗ ಪರಿಚಯದ ಹೆಂಗಸೊಬ್ಬರು ತಮ್ಮ ಪ್ರಾರ್ಥನೆಯ ಗುಂಪಿಗೆ ಕರೆದರು. ಹೋದ ದಿನವೇ ಹತ್ತಾರು ಜನ ಕೈ ಹಿಡಿದು ಮಾತಾಡಿಸಿದರು. ನಾನು ಹೇಳಿದ್ದನ್ನೆಲ್ಲ ನೆನಪಿಟ್ಟುಕೊಂಡರು. ಬೆಳಗಾದರೆ ಒಬ್ಬರಾದ ಮೇಲೆ ಒಬ್ಬರ ಮೆಸೇಜ್. ಅದೆಲ್ಲ ನಾಟಕ ಅಂತ ನನಗೆ ಈಗಲೂ ಅನಿಸುವುದಿಲ್ಲ. ಅವರಲ್ಲಿ ತುಂಬಾ ಜನ ನಿಜಕ್ಕೂ ಒಳ್ಳೆಯವರು. ಆದರೆ ಒಂದು ವಾರ ಹೋಗದಿದ್ದರೆ ದನಿ ಬದಲಾಗುತ್ತಿತ್ತು. 'ಯಾವುದೋ ಕೆಟ್ಟ ಶಕ್ತಿ ನಿಮ್ಮನ್ನ ತಡೀತಿದೆ, ಈಗಲೇ ತೀರ್ಮಾನ ಮಾಡಿ, ಆಮೇಲೆ ಕಾಲ ಮೀರುತ್ತೆ' ಅನ್ನುತ್ತಿದ್ದರು. ಅಮ್ಮನನ್ನು ಕಳೆದುಕೊಂಡವಳಿಗೆ 'ಕಾಲ ಮೀರುತ್ತೆ' ಅಂದರೆ ಹೇಗಿರುತ್ತೆ ಹೇಳಿ.

ಆಮೇಲೆ ಶಿಬಿರ. ಮೊಬೈಲನ್ನು ಬಾಗಿಲಲ್ಲೇ ಇಸ್ಕೊಂಡರು. ಬೆಳಕು ಹರಿಯುವ ಮೊದಲೇ ಎಬ್ಬಿಸುತ್ತಿದ್ದರು. ನಡುರಾತ್ರಿ ದಾಟಿದರೂ ಪ್ರಾರ್ಥನೆ, ಹಾಡು, ಅಳು. ಒಬ್ಬರಂತೂ ಸದಾ ಜೊತೆಗೇ ಇರುತ್ತಿದ್ದರು. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕಾಯುತ್ತಿದ್ದರು. ರಾತ್ರಿ ನಾನು ಚೀಲದಿಂದ ಮಾತ್ರೆ ತೆಗೆದಾಗ ಅವರೇ ನನ್ನ ಕೈ ಮೇಲೆ ಕೈ ಇಟ್ಟು ಮೆತ್ತಗೆ ಕೇಳಿದರು: 'ಪೂರ್ತಿ ನಂಬಿದ ಮೇಲೆ ಇದೆಲ್ಲ ಯಾಕಮ್ಮ?' ಬೈದಿದ್ದರೆ ತಿರುಗಿ ಮಾತಾಡುತ್ತಿದ್ದೆ. ಅಷ್ಟು ಪ್ರೀತಿಯಿಂದ ಕೇಳಿದಾಗ ಏನು ಹೇಳುವುದು? ಮಾತ್ರೆ ವಾಪಸ್ ಚೀಲಕ್ಕೆ ಹೋಯಿತು.

ಶಿಬಿರ ಮುಗಿಯುವ ಹೊತ್ತಿಗೆ ನನಗೆ ದಣಿವೇ ಇರಲಿಲ್ಲ. ಮೈ ಹಗುರ, ಮಾತು ನಿಲ್ಲುತ್ತಿರಲಿಲ್ಲ. ಗೋಡೆ ಗಡಿಯಾರದ ಮುಳ್ಳು ಕೂಡ ನನಗೇ ಏನೋ ಹೇಳುತ್ತಿದೆ ಅನಿಸಿತು. ವೇದಿಕೆ ಮೇಲೆ ನಿಲ್ಲಿಸಿ ಅನುಭವ ಹೇಳಿಸಿದರು. 'ಇವರ ಮೇಲೆ ಕೃಪೆ ಇಳಿದಿದೆ' ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಿದ್ದೆ ಇಲ್ಲದಿದ್ದರೂ ಸುಸ್ತಾಗದೆ ಇದ್ದರೆ ತಕ್ಷಣ ಫೋನ್ ಮಾಡಿ ಅಂತ ನನ್ನ ಡಾಕ್ಟರ್ ವರ್ಷಗಳಿಂದ ಹೇಳುತ್ತಾ ಬಂದಿದ್ದರು. ಆ ಕೋಣೆಯಲ್ಲಿ ಅದು ಗೊತ್ತಿದ್ದವರು ಯಾರೂ ಇರಲಿಲ್ಲ. ನನ್ನ ತಲೆ ಆಗಲೇ ನನ್ನ ಹಿಡಿತದಲ್ಲಿರಲಿಲ್ಲ.

ಬೈಪೋಲಾರ್ ಇರುವವರಿಗೆ ನಿದ್ದೆ ಕೆಟ್ಟರೆ ಅದೊಂದೇ ಉನ್ಮಾದಕ್ಕೆ, ಅಂದರೆ ಮನಸ್ಸು ವಿಪರೀತ ಏರುವ ಸ್ಥಿತಿಗೆ, ದಾರಿಯಾಗಬಹುದು. ಲಿಥಿಯಂ ಏಕಾಏಕಿ ನಿಲ್ಲಿಸಿದರೆ ಕಾಯಿಲೆ ಮರಳುವ ಅಪಾಯ, ನಿಧಾನವಾಗಿ ಕಡಿಮೆ ಮಾಡಿದಾಗ ಇರುವುದಕ್ಕಿಂತ ಜಾಸ್ತಿ. ನನಗೆ ಎರಡೂ ಒಟ್ಟಿಗೇ ಆದವು.

ತಮ್ಮ ಬಂದ. ದೇವರ ವಿಷಯ ಎತ್ತಲೇ ಇಲ್ಲ. 'ನಿದ್ದೆ ಮಾಡಿದ್ಯಾ ಅಕ್ಕಾ? ಮಾತ್ರೆ ಎಲ್ಲಿಟ್ಟಿದ್ದೀಯ?' ಅಂದ, ಅಷ್ಟೇ. ಆ ಗುಂಪನ್ನು ಬೈದಿದ್ದರೆ ನಾನು ಅವನ ಜೊತೆ ಆಸ್ಪತ್ರೆಗೆ ಹೋಗುತ್ತಲೇ ಇರಲಿಲ್ಲ. ಅವರ ಪರವಾಗಿ ವಾದಕ್ಕೆ ಇಳಿಯುತ್ತಿದ್ದೆ.

ಉನ್ಮಾದ ಇಳಿದ ಮೇಲೆ ಖಿನ್ನತೆ ಬಂತು. ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಗುಂಪಿನವರು ಫೋನ್ ಮಾಡಿ ನನ್ನ ನಂಬಿಕೆ ಸಾಲದು ಅಂದರು. ನನಗೆ ಹೆಚ್ಚು ಸಿಟ್ಟು ಇರುವುದು ಇದರ ಮೇಲೆ. ಏರಿದಾಗ ದೇವರ ಕೃಪೆ, ಕುಸಿದಾಗ ನನ್ನ ತಪ್ಪು. ಸಾಯುವ ಯೋಚನೆ ಸುಳಿದಾಡುವ ತಲೆಯೊಳಗೆ ಆ ಮಾತು ಹಾಕುವುದು ಕ್ರೌರ್ಯ.

ಇಂಥ ಗುಂಪುಗಳು ಮಾಟ ಹಾಕಿದ ಹಾಗೆ ಎಲ್ಲರನ್ನೂ ಮರುಳು ಮಾಡುತ್ತವೆ ಅಂತ ನಾನು ನಂಬುವುದಿಲ್ಲ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ ಕೊರಿಯಾದಲ್ಲಿ ಹುಟ್ಟಿದ ಯೂನಿಫಿಕೇಶನ್ ಚರ್ಚ್ ಅನ್ನುವ ಧಾರ್ಮಿಕ ಪಂಗಡದ ಶಿಬಿರಗಳನ್ನು ಅಧ್ಯಯನ ಮಾಡಿ 1984ರಲ್ಲಿ ಪ್ರಕಟಿಸಿದರು. ಶಿಬಿರಕ್ಕೆ ಹೋದವರಲ್ಲಿ ಸುಮಾರು 90% ಜನ ಕೊನೆಗೆ ಸೇರಲಿಲ್ಲ. ಒತ್ತಡ ಅಷ್ಟೇನೂ ಅಪಾಯ ಅಲ್ಲ ಅನ್ನುವವರು ಈ ಅಂಕಿ ತೋರಿಸುತ್ತಾರೆ. ಆದರೆ ನಾನೂ ಸೇರಲಿಲ್ಲವಲ್ಲ. ಅವರ ಲೆಕ್ಕದಲ್ಲಿ ನಾನು ಬಿಟ್ಟುಹೋದವಳು, ಅಷ್ಟೇ. ಆಸ್ಪತ್ರೆ ಸೇರಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಫ್ರಾನ್ಸ್ 2001ರಲ್ಲೇ ಕಾನೂನು ಮಾಡಿ, ಒತ್ತಡ ಹಾಕಿ ಒಬ್ಬರ ಮನಸ್ಸನ್ನು ಅಧೀನ ಮಾಡಿಕೊಂಡು ದುರುಪಯೋಗ ಪಡಿಸಿಕೊಳ್ಳುವುದನ್ನು ಅಪರಾಧ ಅಂತ ಬರೆದಿದೆ. ಒಳ್ಳೆಯದೇ. ಆದರೆ ಕಾನೂನು ಬರುವುದು ಹಾನಿ ಆದ ಮೇಲೆ, ಅಲ್ವಾ?

ಶಿಬಿರ ನಡೆಸುವವರು ನಾಳೆಯಿಂದಲೇ ಮಾಡಬಹುದಾದ ಕೆಲಸಗಳಿವೆ. ರಾತ್ರಿ ಮಲಗಲು ಬಿಡಿ. ಮೊಬೈಲ್ ಬಂದವರ ಹತ್ತಿರವೇ ಇರಲಿ. ಮಾತ್ರೆಯ ಬಗ್ಗೆ ಒಂದು ಮಾತೂ ಆಡಬೇಡಿ. ಸಾವು, ವಿಚ್ಛೇದನ, ಕಾಯಿಲೆಯಿಂದ ಈಗಷ್ಟೇ ನೊಂದು ಬಂದವರ ಹತ್ತಿರ ದೀಕ್ಷೆ, ದೇಣಿಗೆ, ವಚನ ಏನನ್ನೂ ಕೇಳಬೇಡಿ. ಕೆಲವು ತಿಂಗಳು ಕಾಯಿರಿ.

ನಾನು ಈಗ ಪ್ರಾರ್ಥನೆಗೆ ಹೋಗುವ ಕಡೆ ಹಿರಿಯರೊಬ್ಬರಿದ್ದಾರೆ. ರಾತ್ರಿಯ ಜಾಗರಣೆಗೆ ಬರುತ್ತೇನೆ ಅಂದಿದ್ದೆ. 'ನಿಮ್ಮ ಡಾಕ್ಟರ್‌ನ ಕೇಳಿದ್ರಾ?' ಅಂದರು. ಕೇಳಿದೆ, ಬೇಡ ಅಂದರು. ಬೆಳಗಿನ ಪ್ರಾರ್ಥನೆಗೆ ಹೋಗುತ್ತೇನೆ, ಅದೂ ನಿದ್ದೆ ಮುಗಿದ ಮೇಲೆ.